ಹುಬ್ಬಳ್ಳಿಗೆ ಬಂದು ಮೂರು ತಿಂಗಳು

ಮಂಡ್ಯ ಬಿಟ್ಟು ಹುಬ್ಬಳ್ಳಿಗೆ ಬಂದು ಮೂರು ತಿಂಗಳಾಯಿತು. ಲಾಡ್ಜ್ ಒಂದರ ರಿಸೆಪ್ಷನ್‌ನಲ್ಲಿ ಕೆಲಸ, ವಾರ ಬಿಟ್ಟು ವಾರ ನೈಟ್ ಡ್ಯೂಟಿ. ರೈಲು ಇಳಿದ ದಿನ ಎರಡು ಬ್ಯಾಗ್ ಹೊತ್ತು ನಡೆದಷ್ಟೂ ಪ್ಲಾಟ್‌ಫಾರ್ಮ್ ಮುಗಿಯಲೇ ಇಲ್ಲ. 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಆಮೇಲೆ ಗೊತ್ತಾಯಿತು.

ಜಾಸ್ತಿ ಕಷ್ಟ ಆಗಿದ್ದು ಮಾತು. ನಮ್ಮದೂ ಕನ್ನಡ, ಇಲ್ಲಿಯದೂ ಕನ್ನಡ, ಅಲ್ವಾ? ಆದರೂ ಮೊದಲ ರಾತ್ರಿ ಒಬ್ಬರು ಬಂದು "ಖೋಲಿ ಖಾಲಿ ಅದಾವೇನ್ರಿ?" (ರೂಮ್ ಖಾಲಿ ಇದೆಯಾ ಅಂತ) ಅಂದಾಗ ಏನು ಹೇಳಬೇಕೋ ತಿಳಿಯದೆ ಸುಮ್ನೆ ನಿಂತೆ. ಜೊತೆಗಿದ್ದ ಹಿರಿಯರು ಆಮೇಲೆ ಮೆಲ್ಲಗೆ ಹೇಳಿದರು: "ತಮ್ಮಾ, ಮೊದ್ಲ ಬರ್ರಿ, ಕೂಡ್ರಿ, ನೀರ್ ಕುಡೀರಿ ಅನ್ನು. ಆಮ್ಯಾಲ ಆಧಾರ್ ಕೇಳು." ಈಗ ಹಾಗೇ ಮಾಡುತ್ತೇನೆ. ರೈಲು ತಡವಾಗಿ, ಮಕ್ಕಳು ಅಳುತ್ತಾ, ಸಿಟ್ಟಿನಲ್ಲೇ ಒಳಗೆ ಬಂದವರು ಕೂಡ ಆ ಒಂದು ಲೋಟ ನೀರಿಗೆ ತಣ್ಣಗಾಗುತ್ತಾರೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ.

ರೂಮ್ ಹುಡುಕುವಾಗ ಒಬ್ಬರು ಅಡ್ವಾನ್ಸ್ ತಗೊಂಡು ವಾರಗಟ್ಟಲೆ ಸತಾಯಿಸಿದರು. ಅದು ಮುಗಿಯಿತು ಬಿಡಿ.

ಮುದ್ದೆ ನೆನಪಾಗುತ್ತದೆ, ನಿಜ. ಆದರೆ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು, ಜೊತೆಗೆ "ಇನ್ನೊಂದ್ ಹಾಕ್ಲೇನ್ರಿ?" ಅನ್ನುವ ಅಕ್ಕ. ಹೊಟ್ಟೆ ತುಂಬಿದ್ದರೂ ಬೇಡ ಅನ್ನಲು ಆಗುವುದಿಲ್ಲ. ರಜೆ ಇದ್ದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿ ಉಣಕಲ್ ಕೆರೆ ಹತ್ತಿರ ಇಳಿಯುತ್ತೇನೆ, ಸಂಜೆ ದುರ್ಗದಬೈಲಿನಲ್ಲಿ ಮಂಡಕ್ಕಿಯ ಗಿರಮಿಟ್.

ಮುಂದಿನ ವಾರ ಅಮ್ಮ ಬರುತ್ತಿದ್ದಾರೆ. ಮೊದಲು ಆ ಖಾನಾವಳಿಗೇ ಕರೆದುಕೊಂಡು ಹೋಗುತ್ತೇನೆ.