ಎಂಟು ಹಳೆ ಪಿಸಿ, ಒಂದು ಸ್ವಿಚ್: ತೊಗರಿ ಕ್ಲಸ್ಟರ್‌ನಲ್ಲಿ ಜಾಮ್ ಬಿಡಿಸುವ ಕೆಲಸ

ಕ್ಲಸ್ಟರ್, ಅಂದರೆ ಕೆಲಸ ಹಂಚಿಕೊಂಡು ಮಾಡುವ ಪಿಸಿಗಳ ಗುಂಪು, ಈಗ ಓಡುತ್ತಿದೆ. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ: ಕಲಬುರಗಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಎಂಟು ಹಳೆ ಪಿಸಿ, ಕೆಲಸ ಹಂಚಿ ಉತ್ತರ ಕೂಡಿಸುವ ಒಂದು ಮಾಸ್ಟರ್, ಇವನ್ನೆಲ್ಲ ಜೋಡಿಸುವ ಹದಿನಾರು ಪೋರ್ಟಿನ ಅಗ್ಗದ ಗಿಗಾಬಿಟ್ ಸ್ವಿಚ್. ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡು ಜಿಲ್ಲೆಯ ತೊಗರಿ ಹೊಲಗಳಲ್ಲಿ ಹಸಿರು ಎಲ್ಲಿ ಎಷ್ಟಿದೆ ಅಂತ ಲೆಕ್ಕ ಹಾಕುವುದು. ಒಂದು ಟೈಲ್ (ಚಿತ್ರದ ಒಂದು ಚೌಕ) ಅಂದರೆ ಸುಮಾರು 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ಪಿಕ್ಸೆಲ್ಲಿಗೆ 10 ಮೀಟರ್ ಇರುವ ಬ್ಯಾಂಡ್‌ನಲ್ಲಿ 10,980 × 10,980 ಪಿಕ್ಸೆಲ್. ಅದನ್ನು 512 × 512 ತುಂಡು ಮಾಡಿ ಹಂಚುತ್ತೇನೆ. ಪ್ರತಿ ಸುತ್ತಿನಲ್ಲೂ ಒಂದೊಂದು ಪಿಸಿ ಅರ್ಧ ಎಂಬಿ ಉತ್ತರ ವಾಪಸ್ ಕಳಿಸುತ್ತದೆ.

ಮೊದಮೊದಲು ಲೆಕ್ಕ ಚಕಚಕ ಮುಗಿಯುತ್ತಿತ್ತು, ಉತ್ತರ ಬರುವಾಗ ಎಲ್ಲ ನಿಂತುಬಿಡುತ್ತಿತ್ತು. ಎಂಟು ಪಿಸಿ ಸೇರಿ 4 ಎಂಬಿ ಅಷ್ಟೇ, ಗಿಗಾಬಿಟ್ ತಂತಿಯಲ್ಲಿ 34 ಮಿಲಿಸೆಕೆಂಡ್ ಸಾಕು. ಆದರೆ ಎಷ್ಟೋ ಸುತ್ತು 200 ದಾಟುತ್ತಿತ್ತು. ತಮಾಷೆ ಅಂದರೆ ಗ್ರಾಫ್ ನೋಡಿದರೆ ನೆಟ್‌ವರ್ಕ್ ಹೆಚ್ಚು ಹೊತ್ತು ಖಾಲಿ!

ತುಂಡುಗಳೆಲ್ಲ ಒಂದೇ ಅಳತೆ, ಹಾಗಾಗಿ ಎಲ್ಲ ಪಿಸಿಗಳೂ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಕೆಲಸ ಮುಗಿಸಿ ಮಾಸ್ಟರ್ ಇರುವ ಒಂದೇ ಪೋರ್ಟಿಗೆ ನುಗ್ಗುತ್ತವೆ. ತೊಗರಿ ಸುಗ್ಗಿಯಲ್ಲಿ ಗಂಜ್ (ಧಾನ್ಯದ ಮಾರುಕಟ್ಟೆ) ಗೇಟಿನ ಮುಂದೆ ಟ್ರ್ಯಾಕ್ಟರುಗಳು ಒಟ್ಟಿಗೆ ಬಂದು ನಿಂತಂತೆ. ಇಂಥ ಸ್ವಿಚ್‌ನ ಬಫರ್ (ಡೇಟಾ ಸರದಿಗೆ ಕಾಯುವ ಜಾಗ) ಕೆಲವು ನೂರು ಕಿಲೋಬೈಟ್ ಅಷ್ಟೇ, ತುಂಬಿದ ಮೇಲೆ ಬಂದ ಪ್ಯಾಕೆಟ್ (ಡೇಟಾದ ಚಿಕ್ಕ ಕಟ್ಟು) ಬಿದ್ದು ಹೋಗುತ್ತದೆ. ಇದಕ್ಕೆ ಇನ್‌ಕಾಸ್ಟ್ ಅಂತಾರೆ. ಒಂದೆರಡು ಪ್ಯಾಕೆಟ್ ಹೋದರೆ ಡೇಟಾ ತಪ್ಪದೆ ತಲುಪಿಸುವ ಟಿಸಿಪಿ ಅನ್ನುವ ವ್ಯವಸ್ಥೆ ಬೇಗ ಸರಿಮಾಡಿಕೊಳ್ಳುತ್ತದೆ, ಆದರೆ ಸಾಲಿನ ಕೊನೆಯವೆಲ್ಲ ಹೋದರೆ ಏನೋ ತಪ್ಪಿತು ಅಂತ ಕಳಿಸಿದವನಿಗೆ ತಿಳಿಸುವವರೇ ಇಲ್ಲ. ಲಿನಕ್ಸ್‌ನಲ್ಲಿ ಟೈಲ್ ಲಾಸ್ ಪ್ರೋಬ್ (ಸಾಲಿನ ಬಾಲ ಕಳೆಯಿತಾ ಅಂತ ಒಂದು ಪ್ಯಾಕೆಟ್ ಕಳಿಸಿ ನೋಡುವುದು) ಇದೆ ನಿಜ, ಅದೂ ಅದೇ ತುಂಬಿದ ಬಫರಿಗೆ ಹೋಗಿ ಬಿದ್ದರೆ ಟೈಮ್‌ಔಟ್‌ಗೆ ಕಾಯಬೇಕು. ಲಿನಕ್ಸ್‌ನಲ್ಲಿ ಆ ಕಾಯುವ ಹೊತ್ತು ಕಡಿಮೆ ಅಂದರೂ 200 ಮಿಲಿಸೆಕೆಂಡ್. ಎನ್‌ಸ್ಟ್ಯಾಟ್ (ನೆಟ್‌ವರ್ಕ್ ಎಣಿಕೆ ತೋರಿಸುವ ಕಮಾಂಡ್) ಹಾಕಿ ಟಿಸಿಪಿ ಟೈಮ್‌ಔಟ್ ಎಣಿಕೆ ನೋಡಿ, ನಿಧಾನವಾದ ಪ್ರತಿ ಸುತ್ತಿಗೂ ಅದು ಏರುವುದು ಕಾಣುತ್ತದೆ.

ಅಂಗಡಿ ಹುಡುಗ 'ಅಣ್ಣಾ, 10 ಗಿಗಾಬಿಟ್ ಸ್ವಿಚ್ ಹಾಕ್ಕೊಳ್ರಿ' ಅಂದ. ಎಲ್ಲ ಪೋರ್ಟೂ ಹತ್ತು ಪಟ್ಟು ವೇಗವಾದರೆ ಎಂಟೂ ಪಿಸಿ ಹತ್ತು ಪಟ್ಟು ಜೋರಾಗಿ ನುಗ್ಗುತ್ತವೆ ಅಲ್ವಾ? ದುಡ್ಡು ಉಳಿಸಿಕೊಂಡೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಪಕ್ಕದಲ್ಲೇ ಇರುವ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೆಕೆಂಡಿಗೆ 32 ಕಿಲೋಬಿಟ್ ಹೋಗುತ್ತಿದ್ದದ್ದು ಬರೀ 40 ಬಿಟ್‌ಗೆ ಇಳಿದಿತ್ತು. ಆಗ ಅದೇ ಲ್ಯಾಬಿನ ವ್ಯಾನ್ ಜೇಕಬ್‌ಸನ್ ತಂತಿ ದಪ್ಪ ಮಾಡಲು ಹೋಗಲಿಲ್ಲ, ಕಳಿಸುವವನೇ ತಗ್ಗಿ ನಡೆಯುವಂತೆ ಟಿಸಿಪಿಯನ್ನು ತಿದ್ದಿದರು. ಇಲ್ಲೂ ದಾರಿ ಅದೇ.

ಮೊದಲು ಮಾಸ್ಟರ್‌ನ ರಿಸೀವ್ ಬಫರ್ ಚಿಕ್ಕದು ಮಾಡಿದೆ, ಅದರಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಡೇಟಾವನ್ನು ಕಳಿಸುವವನು ಒಂದೇ ಸಲ ಕಳಿಸುವಂತಿಲ್ಲ. ನಮ್ಮಲ್ಲಿ ಪ್ಯಾಕೆಟ್ ಹೋಗಿ ಉತ್ತರ ಬರಲು ಸುಮಾರು 0.2 ಮಿಲಿಸೆಕೆಂಡ್, ಅಂದರೆ ಗಿಗಾಬಿಟ್ ತಂತಿ ತುಂಬಿಸಲು 25 ಕಿಲೋಬೈಟ್ ದಾರಿಯಲ್ಲಿದ್ದರೆ ಸಾಕು. ಒಬ್ಬೊಬ್ಬರಿಗೆ 16 ಕಿಲೋಬೈಟ್ ಕೊಟ್ಟರೂ ಎಂಟು ಜನಕ್ಕೆ 128, ಸ್ವಿಚ್‌ನ ಬಫರ್‌ನಲ್ಲಿ ಹಿಡಿಯುತ್ತದೆ. ಇದನ್ನು ಮಾಸ್ಟರ್ ಲಿಸನ್ ಮಾಡುವ (ಸಂಪರ್ಕಕ್ಕೆ ಕಾದು ಕೂರುವ) ಮೊದಲೇ ಸೆಟ್ ಮಾಡಬೇಕು, ಕೊಟ್ಟ ಸಂಖ್ಯೆಯನ್ನು ಲಿನಕ್ಸ್ ಇಮ್ಮಡಿ ಮಾಡಿ ತೋರಿಸುತ್ತದೆ, ಗಾಬರಿ ಬೇಡ. ಟೈಮ್‌ಔಟ್ ಸುಮಾರಾಗಿ ನಿಂತಿತು. ಆದರೆ ನಾಳೆ ನಲವತ್ತು ಪಿಸಿ ಆದರೆ ಅದೇ ಕಥೆ. ಸ್ವಿಚ್ ಇಸಿಎನ್ ಗುರುತು (ಸಾಲು ಬೆಳೆಯುತ್ತಿದೆ ಅನ್ನುವ ಎಚ್ಚರಿಕೆ) ಹಾಕುವಂಥದ್ದಾಗಿದ್ದರೆ ಅದನ್ನು ನೋಡಿ ವೇಗ ತಗ್ಗಿಸುವ 2010ರ ಡಿಸಿಟಿಸಿಪಿ ಬಳಸಬಹುದಿತ್ತು, ಈ ಡಬ್ಬಕ್ಕೆ ಅದು ಬರುವುದಿಲ್ಲ.

ಹಾಗಾಗಿ ಪ್ರೋಗ್ರಾಂನಲ್ಲೇ ಟೋಕನ್ ತಂದೆ. ಕೆಲಸ ಮುಗಿದ ಪಿಸಿ 'ರೆಡಿ' ಅನ್ನುತ್ತದೆ ಅಷ್ಟೇ, ಡೇಟಾ ಕಳಿಸುವುದಿಲ್ಲ. ಒಂದು ಹೊತ್ತಿಗೆ ಎರಡು ಪಿಸಿಗೆ ಮಾತ್ರ ಮಾಸ್ಟರ್ ಟೋಕನ್ ಕೊಡುತ್ತದೆ, ಒಂದರ ಉತ್ತರ ಮುಗಿದ ಕೂಡಲೇ ಮುಂದಿನದಕ್ಕೆ. ಎರಡು ಯಾಕೆ ಅಂದರೆ, ಒಂದೇ ಆದರೆ ಟೋಕನ್ ಓಡಾಡುವ ಹೊತ್ತಿನಲ್ಲಿ ತಂತಿ ಸುಮ್ನೆ ಖಾಲಿ ಇರುತ್ತದೆ. ಮೊದಲಿಗೆ 40 ಮಿಲಿಸೆಕೆಂಡಿನ ವಿಚಿತ್ರ ತಡೆ ಕಂಡಿತು: ಸಂದೇಶದ ತಲೆ, ಮೈ ಬೇರೆ ಬೇರೆಯಾಗಿ ಬರೆದದ್ದರಿಂದ ನೇಗಲ್ ಅಲ್ಗಾರಿದಂ (ಹಿಂದಿನದು ತಲುಪಿತು ಅಂತ ತಿಳಿಯುವವರೆಗೆ ಚಿಕ್ಕ ತುಣುಕನ್ನು ತಡೆಹಿಡಿಯುವುದು) ಮತ್ತು ತಡವಾದ ಅಕ್ (ತಲುಪಿತು ಅನ್ನುವ ಉತ್ತರವನ್ನು ಸ್ವಲ್ಪ ಕಾದು ಕಳಿಸುವುದು) ಒಂದನ್ನೊಂದು ಕಾಯುತ್ತಿದ್ದವು. ಒಟ್ಟಿಗೆ ಬರೆದು ನೇಗಲ್ ನಿಲ್ಲಿಸುವ ಟಿಸಿಪಿ ನೋಡಿಲೇ (TCP_NODELAY) ಹಾಕಿದ ಮೇಲೆ ಹೋಯಿತು. ಈಗ ಸುತ್ತು 40 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಪಿಸಿ ಜಾಸ್ತಿಯಾದರೂ ಬಫರ್ ಮೇಲೆ ಹೊರೆ ಅಷ್ಟೇ ಇರುತ್ತದೆ.

ಬಾಕಿ ಇರುವುದು ಬೇಸಿಗೆಯ ಕಾಟ. ಮಧ್ಯಾಹ್ನದ ಬಿಸಿಲಿಗೆ ಕೋಣೆ ಕಾದು ಯಾವುದೋ ಒಂದು ಪಿಸಿ ಟೋಕನ್ ಹಿಡಿದುಕೊಂಡೇ ಹ್ಯಾಂಗ್ ಆದರೆ ಅರ್ಧ ದಾರಿ ಬಂದ್. ಟೋಕನ್‌ಗೆ ಅವಧಿ ಹಾಕಬೇಕು. ಅವಧಿ ಮುಗಿದಿದೆಯಾ ಅಂತ ಕಳಿಸುವ ಪಿಸಿಯೇ ನೋಡಿಕೊಳ್ಳಬೇಕು, ಯಾಕಂದರೆ ಮಾಸ್ಟರ್ ತಿರಸ್ಕರಿಸುವ ಹೊತ್ತಿಗೆ ಡೇಟಾ ಆಗಲೇ ಸ್ವಿಚ್ ತುಂಬಿರುತ್ತದೆ. ಅರ್ಧ ಎಂಬಿಗೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು, ಇಬ್ಬರು ಹಂಚಿಕೊಂಡರೆ ಅದರ ಎರಡರಷ್ಟು. 50 ಮಿಲಿಸೆಕೆಂಡಿನಿಂದ ಶುರು ಮಾಡಿ ಇಳಿಸುತ್ತಾ ಹೋಗುತ್ತೇನೆ.