ಮೊದಲ ಚಿತ್ರ ಅಷ್ಟು ಚೆನ್ನಾಗಿ ಬಂದದ್ದು ಹೇಗೆ

ಸಂಶೋಧನೆಯ ಮೊದಲ ಆರು ವರ್ಷ ನಾನು ಒಂದು ಆಂಟೆನಾವನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು, ಅಂದರೆ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು ಹೇಗೆ ನಡೆಯುತ್ತವೆ ಎಂದು ಹೇಳುವ ಸಮೀಕರಣಗಳನ್ನು, ಕಂಪ್ಯೂಟರಿನಲ್ಲಿ ಬಿಡಿಸುವುದೇ ಕೆಲಸ. 1966ರಲ್ಲಿ ಕೇನ್ ಯೀ ತೋರಿಸಿಕೊಟ್ಟ ದಾರಿ ಅದು: ಜಾಗವನ್ನು ಪುಟ್ಟ ಘನಗಳ ಗ್ರಿಡ್ ಆಗಿ ಕತ್ತರಿಸಿ, ವಿದ್ಯುತ್ ಕ್ಷೇತ್ರವನ್ನೂ ಕಾಂತ ಕ್ಷೇತ್ರವನ್ನೂ ಅರ್ಧ ಹೆಜ್ಜೆ ಆಚೀಚೆ ಇಟ್ಟು, ಒಂದಾದ ಮೇಲೊಂದರಂತೆ ಮುಂದೆ ನಡೆಸುವುದು. ಅದರ ಸರಳತೆ ನನಗೆ ಇವತ್ತಿಗೂ ಇಷ್ಟ. ಆದರೆ ಘನದ ಅಂಚನ್ನು ಅರ್ಧ ಮಾಡಿದರೆ ಮೆಮೊರಿ 8 ಪಟ್ಟು ಬೇಕು. ಕಾಲದ ಹೆಜ್ಜೆಯೂ ಅರ್ಧ ಆಗಬೇಕಾದ್ದರಿಂದ ಲೆಕ್ಕ 16 ಪಟ್ಟು ಜಾಸ್ತಿ.

ಆಮೇಲೆ ಮೈಕ್ರೋವೇವ್ ಇಮೇಜಿಂಗ್‌ಗೆ ಬಂದೆ. ಮೈಕ್ರೋವೇವ್ ಅಲೆಗಳಿಂದ ಸ್ತನದ ಗೆಡ್ಡೆಯ ಚಿತ್ರ ತೆಗೆಯುವ ಕೆಲಸ ಅದು. ಸ್ತನದ ಸುತ್ತ ಆಂಟೆನಾಗಳನ್ನಿಟ್ಟು, ಒಂದರಿಂದ ಅಲೆ ಕಳಿಸಿ, ಉಳಿದವುಗಳಲ್ಲಿ ಹಿಡಿದು, ಒಳಗೆ ಏನಿದೆ ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು. ನೀರಿನಂಶ ಜಾಸ್ತಿ ಇರುವ ಗೆಡ್ಡೆ ಅಲೆಯನ್ನು ಒಂದು ಥರ ಚದುರಿಸುತ್ತದೆ, ಕೊಬ್ಬು ಇನ್ನೊಂದು ಥರ. ಎಕ್ಸ್-ರೇ ಹಾಗೆ ಇದು ನೇರ ಹಾಯ್ದು ಹೋಗುವುದಿಲ್ಲ. 3 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 10 ಸೆಂಟಿಮೀಟರ್. ದೇಹದೊಳಗೆ ಅದು ಕುಗ್ಗುತ್ತದೆ, ಆದರೂ ಸಣ್ಣ ಗೆಡ್ಡೆಯನ್ನು ಸುತ್ತಿಕೊಂಡು ಹೋಗಿಬಿಡುತ್ತದೆ.

ಕಂಪ್ಯೂಟರಿನಲ್ಲೇ ತಯಾರಿಸಿದ ಡೇಟಾದಿಂದ ನನ್ನ ಮೊದಲ ಚಿತ್ರ ಬಹಳ ಸ್ಪಷ್ಟವಾಗಿ ಬಂತು. ಗೆಡ್ಡೆಯ ಅಂಚು ಕೂಡ ಕಾಣುತ್ತಿತ್ತು. ಗೈಡ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: "ಡೇಟಾ ತಯಾರಿಸಿದ್ದೂ ಇದೇ ಗ್ರಿಡ್‌ನಲ್ಲಾ?" ಹೌದು. ಅಲೆಯನ್ನು ಯಾವ ಕೋಡ್‌ನಿಂದ ಕಳಿಸಿದ್ದೆನೋ ಅದರಿಂದಲೇ ಉತ್ತರ ಹುಡುಕಿದ್ದೆ. ಕೋಡ್‌ನ ತಪ್ಪುಗಳು ಎರಡೂ ಕಡೆ ಒಂದೇ ಆಗಿದ್ದರಿಂದ ಪರಸ್ಪರ ಅಳಿಸಿಹೋಗಿದ್ದವು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಿಜವಾದ ಅಳತೆಗೆ ಇಳಿದೆವು. ಜೆಲಾಟಿನ್ ಫ್ಯಾಂಟಮ್, ಅಂದರೆ ಸ್ತನದ ಬದಲಿಗೆ ಇಡುವ ನಕಲು; ಅದರೊಳಗೆ ನೀರು ತುಂಬಿದ ಸಣ್ಣ ಕೊಳವೆ. ಮೂರು ವಾರ ಚಿತ್ರದಲ್ಲಿ ಬರೀ ಕಲೆಗಳು. ಕೊನೆಗೆ ಗೊತ್ತಾಯಿತು: ಆಂಟೆನಾ ಸರಿಸುವಾಗ ಕೇಬಲ್ ಸ್ವಲ್ಪ ಬಾಗಿದರೂ ಸಂಕೇತದ ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು, ಬದಲಾಗುತ್ತಿತ್ತು. ನಾವು ಹುಡುಕುತ್ತಿದ್ದ ಬದಲಾವಣೆ ಅದಕ್ಕಿಂತ ಚಿಕ್ಕದು. ಕೇಬಲ್ಲುಗಳನ್ನು ಮೇಜಿಗೆ ಬಿಗಿದು, ಫ್ಯಾಂಟಮ್ ಅನ್ನೇ ತಿರುಗಿಸತೊಡಗಿದೆವು.

2007ರಲ್ಲಿ ಬಂದ ಒಂದು ದೊಡ್ಡ ಅಧ್ಯಯನವನ್ನು ನಾನು ಓದಿದ್ದು ಇದೇ ಹೊತ್ತಿಗೆ. ಕೊಬ್ಬಿಗೂ ಗೆಡ್ಡೆಗೂ ವಿದ್ಯುತ್ ಗುಣದಲ್ಲಿ 10 ಪಟ್ಟಿನವರೆಗೆ ವ್ಯತ್ಯಾಸವಿದೆ, ಆದರೆ ಗ್ರಂಥಿ ಭಾಗಕ್ಕೂ ಗೆಡ್ಡೆಗೂ ಶೇಕಡಾ 10ರಷ್ಟು ಮಾತ್ರ. ಗೆಡ್ಡೆ ಹುಟ್ಟುವುದು ಹೆಚ್ಚಾಗಿ ಗ್ರಂಥಿ ಭಾಗದಲ್ಲೇ ಅಲ್ವಾ? ನನ್ನ ಹಳೆಯ ಮಾದರಿಗಳಲ್ಲಿ ಸುತ್ತಲೂ ಬರೀ ಕೊಬ್ಬು ಇತ್ತು. ಎಲ್ಲವನ್ನೂ ಮತ್ತೆ ಓಡಿಸಿದೆ. ಚಿತ್ರಗಳು ಮಸುಕಾದವು. ಪ್ರಬಂಧದಲ್ಲಿ ಆ ಮಸುಕು ಚಿತ್ರಗಳನ್ನೇ ಹಾಕಿದೆ.

ಹೋದ ವಾರ ನನ್ನ ವಿದ್ಯಾರ್ಥಿನಿ ಅಳತೆಯ ಡೇಟಾದಿಂದ ತನ್ನ ಮೊದಲ ಚಿತ್ರ ತಂದಳು. ಕೊಳವೆ ಇರುವ ಜಾಗದಿಂದ 4 ಮಿಲಿಮೀಟರ್ ಪಕ್ಕಕ್ಕೆ ಒಂದು ಮಬ್ಬು ಚುಕ್ಕೆ. ನನಗೆ ತುಂಬಾ ಖುಷಿಯಾಯಿತು. ಕೋಡ್‌ನಲ್ಲಿ ಆಂಟೆನಾ ಬರೀ ಒಂದು ಬಿಂದು, ಮೇಜಿನ ಮೇಲಿರುವುದಕ್ಕೆ ಉದ್ದ ಅಗಲ ಎಲ್ಲ ಇದೆ; ಚುಕ್ಕೆ ಪಕ್ಕಕ್ಕೆ ಸರಿದದ್ದು ಅದರಿಂದಲೂ ಇರಬಹುದು. ಸೋಮವಾರ ಅಲ್ಲಿಂದಲೇ ಶುರು ಮಾಡುತ್ತೇವೆ.