ಮೂರನೇ ತಂಡ: ಕೊನೆಗೂ ಮಾತು ಕೇಳಿದ ನೀರಿನ ತಟ್ಟೆ

ಮನೆಯ ಕಾವಿನ ಡಬ್ಬದಲ್ಲಿ (ಇನ್‌ಕ್ಯುಬೇಟರ್) ಮೂರನೇ ಸಲ ಇಟ್ಟ ಹನ್ನೆರಡು ಮೊಟ್ಟೆಯಲ್ಲಿ ಒಂಬತ್ತು ಒಡೆದು ಪಿಳ್ಳೆಗಳು ಹೊರಬಂದವು. ನಾಟಿ ಕೋಳಿ, 37.5 ಡಿಗ್ರಿ, 21 ದಿನ, ಇದೆಲ್ಲ ನಿಮಗೆ ಗೊತ್ತಿರುವುದೇ. ನಮ್ಮ ತೀರ್ಥಹಳ್ಳಿ ಕಡೆ ಆಷಾಢದ ಮಳೆ, ಗಾಳಿಯಲ್ಲೇ ತೇವ. ಹಾಗಾಗಿ 18ನೇ ದಿನದವರೆಗೆ ಡಬ್ಬದಲ್ಲಿ ನೀರೇ ಇಡಲಿಲ್ಲ. ಕಾವಿನ ಕಥೆ ಇಷ್ಟು ಸಾಕು, ಈ ಸಲ ತಲೆ ತಿಂದದ್ದು ಅದಲ್ಲ.

ಭಾನುವಾರ ಮನೆಗೆ ಬರುವ ಆರು ಮಕ್ಕಳಿಗೆ ಪ್ರಾಣಿಗಳಲ್ಲಿ ಹುಟ್ಟಿನಿಂದ ಬಂದದ್ದು ಯಾವುದು, ಕಲಿತದ್ದು ಯಾವುದು ಅಂತ ಕಣ್ಣಾರೆ ತೋರಿಸಬೇಕಿತ್ತು. ಜೇಡ ಬಲೆ ಹೆಣೆಯುವುದು ಈ ಕಡೆ, ಸಕ್ರೆಬೈಲಿನ ಆನೆ ಮಾವುತನ ಮಾತು ಕೇಳುವುದು ಆ ಕಡೆ ಅಂತ ಪಟ್ಟಿ ಬರೆಸಿ ಮುಗಿಸಬಹುದಿತ್ತು. ಆದರೆ ಕೋಳಿಪಿಳ್ಳೆಯ ಕೊಕ್ಕಿನಲ್ಲಿ ಎರಡೂ ಒಟ್ಟಿಗೇ ಇವೆ. ಆಗಷ್ಟೇ ಹುಟ್ಟಿದ ಪಿಳ್ಳೆಗೆ ನೀರು ಕಂಡರೆ ನೀರು ಅಂತ ಗೊತ್ತಾಗುವುದಿಲ್ಲ. ಕೊಕ್ಕು ಒದ್ದೆಯಾದರೆ ಮಾತ್ರ ತಲೆ ಎತ್ತಿ ನುಂಗುತ್ತದೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಲಾಯ್ಡ್ ಮಾರ್ಗನ್ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಯಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಇದನ್ನೇ ಮಕ್ಕಳಿಗೆ ತೋರಿಸಲು ಹೊಳೆಯದ, ಅಲುಗದ ನೀರು ಬೇಕು. ಅಷ್ಟಕ್ಕೆ ನನಗೆ ಮೂರು ತಂಡ ಬೇಕಾಯಿತು.

ಮೊದಲ ತಂಡಕ್ಕೆ ಆನ್‌ಲೈನಲ್ಲಿ ತರಿಸಿದ ಪ್ಲಾಸ್ಟಿಕ್ ಡ್ರಿಂಕರ್ ಇಟ್ಟೆ. ಅದು ಸೋರುತ್ತಿತ್ತು. ಹೊಳೆಯುವ ಹನಿ ಕಂಡರೆ ಪಿಳ್ಳೆ ಕುಕ್ಕದೆ ಬಿಡುತ್ತದೆಯೇ? ಅರ್ಧ ನಿಮಿಷದಲ್ಲಿ ಎಲ್ಲವೂ ಕುಡಿಯುತ್ತಿದ್ದವು. "ಮಾವಾ, ಇವಕ್ಕೆ ನೀರು ಗೊತ್ತಿದೆ ಅಲ್ವಾ?" ಅಂದ ಪಕ್ಕದ ಮನೆ ಹುಡುಗ. ಮಾರಿದವನಿಗೆ ದೂರು ಕೊಟ್ಟರೆ, "ಸರ್, ಸ್ವಲ್ಪ ಸೋರೋದು ನಾರ್ಮಲ್" ಅಂತ ಉತ್ತರ.

ಎರಡನೆಯದಕ್ಕೆ ಸ್ಟೀಲ್ ತಟ್ಟೆ. ಅದರೊಳಗೆ ಕಾವಿಗೆ ಇಟ್ಟ ಬಲ್ಬಿನ ಪ್ರತಿಬಿಂಬ ಮಿಂಚುತ್ತಿತ್ತು. ಪಿಳ್ಳೆಗಳು ಬಲ್ಬನ್ನೇ ಕುಕ್ಕಿ ನೀರು ಕಂಡುಕೊಂಡವು. ಸಾಲದ್ದಕ್ಕೆ ಒಬ್ಬಳು ಬೆರಳಿನಿಂದ ತಟ್ಟೆ ಕುಟ್ಟಿ "ಬಾ ಬಾ" ಅಂದಳು. ಹೇಂಟೆ ಕೊಕ್ಕಿನಿಂದ ನೆಲ ಕುಕ್ಕಿ ಮರಿಗಳನ್ನು ಕರೆಯುವುದೂ ಹೀಗೇ ತಾನೆ! ಪ್ರಯೋಗ ಅಲ್ಲಿಗೆ ಮುಗಿಯಿತು. "ಒಂದು ಕೋಳೀನ ಕಾವಿಗೆ ಕೂರ್ಸಿದ್ರೆ ಇಷ್ಟೆಲ್ಲ ಯಾಕ್ ಬೇಕಿತ್ತು?" ಅಂದರು ಅಮ್ಮ.

ಈ ಸಲ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ತೆಗೆದುಕೊಂಡೆ. ಬಲ್ಬ್ ಕಿತ್ತು ಬೆಳಕು ಬಾರದ ಸೆರಾಮಿಕ್ ಹೀಟರ್ ಹಾಕಿದೆ. ಕಿಟಕಿಯ ಮಬ್ಬು ಬೆಳಕು ಸಾಕಾಯಿತು. ಮಕ್ಕಳೆಲ್ಲ ಕೈ ಹಿಂದೆ ಕಟ್ಟಿ ನಿಲ್ಲಬೇಕು, ಉಸಿರೆತ್ತಬಾರದು. ಅಂದಹಾಗೆ, ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯಲ್ಲಿ ಪಿಳ್ಳೆ ಎರಡು ದಿನ ತಡೆಯುತ್ತದೆ. ಆದರೂ ಮಧ್ಯಾಹ್ನದೊಳಗೆ ಕುಡಿಯದಿದ್ದರೆ ನಾನೇ ಕೊಕ್ಕು ಅದ್ದುವುದು ಅಂತ ಮೊದಲೇ ತೀರ್ಮಾನಿಸಿದ್ದೆ.

ಪಿಳ್ಳೆಗಳು ನೀರಿನ ಮೇಲೇ ನಡೆದು ಹೋದವು. ಒಂದು ನಡುವೆ ನಿಂತು ನಿದ್ದೆ ತೂಗಿತು. ಕರೆಂಟ್ ಹೋಯಿತು, ಬಿಸಿನೀರಿನ ಬಾಟಲಿ ಇಟ್ಟೆ. ಹುಡುಗರು ಆಕಳಿಸತೊಡಗಿದರು. ಆಗ ಕಪ್ಪು ಪಿಳ್ಳೆಯೊಂದು ನೀರಿನಲ್ಲೇ ನಿಂತು ತನ್ನದೇ ಕಾಲುಗುರನ್ನು ಕುಕ್ಕಿತು. ಕೊಕ್ಕು ಮುಳುಗಿತು. ಒಂದು ಕ್ಷಣ ಸುಮ್ನೆ ನಿಂತಿತು. ಆಮೇಲೆ ತಲೆ ಮೇಲೆತ್ತಿತು, ಗಂಟಲ ತುಪ್ಪಳ ಸಣ್ಣಗೆ ಅಲುಗಿತು. ಮತ್ತೆ ಬಗ್ಗಿತು, ಮತ್ತೆ ಎತ್ತಿತು. "ಇದಕ್ಕೆ ತಲೆ ಎತ್ತೋದು ಯಾರು ಹೇಳಿಕೊಟ್ರು?" ಅಂತ ಪಿಸುಗುಟ್ಟಿದವನು ಅದೇ ಪಕ್ಕದ ಮನೆ ಹುಡುಗ!

ಊಟದ ಹೊತ್ತಿಗೆ ಎಂಟು ಕುಡಿದವು, ಒಂಬತ್ತನೆಯದಕ್ಕೆ ಕೊಕ್ಕು ಅದ್ದಿಸಿದೆ. ಮರುದಿನ ಅದೇ ತಟ್ಟೆ ಇಟ್ಟರೆ ಅಲುಗದ ನೀರಿಗೇ ನೇರ ಓಡಿಬಂದವು. "ನೀರು ಕುಡಿಯುವುದು" ಅಂತ ಯಾವ ಕಡೆ ಬರೆಯಬೇಕು ಅಂತ ತಟ್ಟೆ ಕುಟ್ಟಿದವಳಿಗೆ ಗೊಂದಲ. ನಡುಗೆರೆಯ ಮೇಲೇ ಬರೆದಳು. ನಾನು ತಿದ್ದಲಿಲ್ಲ.

ಮುಂದಿನದು ತುಡುವೆ ಜೇನಿಗೆ ಗಾಜಿನ ಗೋಡೆಯ ಪೆಟ್ಟಿಗೆ. ಮೇವಿನ ದಿಕ್ಕು, ದೂರ ತಿಳಿಸುವ ಜೇನಿನ ಕುಣಿತವಿದೆಯಲ್ಲ, ಅದರ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಹಂಚಿಕೊಂಡರು. ಆದರೆ 2023ರಲ್ಲಿ ಹೊರಬಂದ ಒಂದು ಅಧ್ಯಯನ ಇನ್ನೂ ಮಜವಾಗಿದೆ. ಹಿರಿಯ ಹುಳಗಳ ಕುಣಿತ ನೋಡದೆ ಬೆಳೆದ ಜೇನುಗಳೂ ಕುಣಿದವು, ಆದರೆ ತಪ್ಪು ಜಾಸ್ತಿ. ದಿಕ್ಕಿನ ತಪ್ಪು ಆಮೇಲೆ ಸುಧಾರಿಸಿತು, ದೂರದ ಲೆಕ್ಕ ಕೊನೆಯವರೆಗೂ ಕೆಟ್ಟೇ ಇತ್ತು. ಅದು ಯುರೋಪಿನ ಜೇನು. ನಮ್ಮ ತುಡುವೆಯ ಕುಣಿತವನ್ನು ಮಕ್ಕಳಿಗೆ ತೋರಿಸಿದರೆ ನನಗೆ ಸಾಕು. ಗಾಜು ಕತ್ತರಿಸುವವರನ್ನು ಕೇಳಿದ್ದೇನೆ. "ಮಳೆ ಕಳೀಲಿ ಮಾರಾಯ್ರೇ" ಅಂದಿದ್ದಾರೆ.